ಹೊಗೆಯನ್ನು ತೂಗಿದವರು

ನಮ್ಮ ಮಾತಿನಲ್ಲಿ ಹೊಗೆಗೆ ತೂಕವಿಲ್ಲ. ಬೆಂಕಿ ಇದ್ದಲ್ಲಿ ಹೊಗೆ ಇದ್ದದ್ದೇ ಎಂದು ಸುಮ್ಮನಾಗುತ್ತೇವೆ. ಬಾಯಿಬಿಟ್ಟು ಹೇಳಲಾಗದ ಅಸಮಾಧಾನವೊಂದು ಮನೆಯಲ್ಲಿದ್ದರೆ ‘ಒಳಗೊಳಗೇ ಹೊಗೆಯಾಡುತ್ತಿದೆ’ ಎನ್ನುತ್ತೇವೆ. ಕಣ್ಣಿಗೆ ಕಂಡರೂ ಕೈಗೆ ಸಿಗದ, ಬಂದಷ್ಟೇ ಬೇಗ ಕರಗಿಹೋಗುವ ವಸ್ತು ಅದು ಎಂಬುದು ನಮ್ಮ ಭಾವನೆ. ಆದರೆ ಹೊಗೆಯನ್ನು ತಕ್ಕಡಿಗೆ ಹಾಕಿ ತೂಗಿದವರಿದ್ದಾರೆ. ಗಾಳಿಯಲ್ಲಿನ ಕಣಗಳನ್ನು ಮಸೂರದ ಕೆಳಗೆ ಒಂದೊಂದಾಗಿ ಎಣಿಸಿದವರಿದ್ದಾರೆ. ಯಾವ ಹೊಗೆ ಯಾವ ಬೆಂಕಿಯದೆಂದು ಮೂಲ ಕೆದಕಿದವರಿದ್ದಾರೆ. ಅವರ ಕಥೆಯನ್ನು ಓದುತ್ತಾ ಹೋದಂತೆ ಒಂದು ಸಂಗತಿ ನನ್ನನ್ನು ಬಿಡದೆ ಕಾಡಿತು. ಬೆಟ್ಟದ ತುದಿಯ ಗಾಳಿಯನ್ನು ಅಳೆದರು, ಮಹಾನಗರದ ಬೀದಿಯ ಮಂಜನ್ನು ಅಳೆದರು. ಒಲೆಯ ಮುಂದೆ ಕೂತ ನಮ್ಮ ದೇಶದ ಹಳ್ಳಿಯ ಹೆಂಗಸಿನ ಮೈಗೆ ಯಂತ್ರ ಕಟ್ಟಿ ಅವಳು ಎಳೆದುಕೊಳ್ಳುವ ಗಾಳಿಯನ್ನು ಅಳೆಯುವ ಹೊತ್ತಿಗೆ 1981 ಬಂದಿತ್ತು.

ನಾನು ವಿಜ್ಞಾನ ಓದಿದವಳಲ್ಲ. ಬಿ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಇತಿಹಾಸದ ಜಾಡು ಹಿಡಿದು ಹೊರಟವಳು ರಸಾಯನಶಾಸ್ತ್ರದ ಹಿತ್ತಲಿಗೆ ಬಂದು ನಿಂತೆ, ಅಷ್ಟೆ. ತಿಳಿಯದ್ದನ್ನು ನಮ್ಮ ಶಾಲೆಯ ವಿಜ್ಞಾನದ ಟೀಚರನ್ನು ಕೇಳಿ ತಿಳಿದುಕೊಂಡೆ. ಅವರು ಮೊದಲು ಹೇಳಿಕೊಟ್ಟ ಪದವೇ ಏರೋಸಾಲ್.

ಏರೋಸಾಲ್ ಎಂದರೆ ಅಂಗಡಿಯಲ್ಲಿ ಸಿಗುವ, ತಲೆ ಒತ್ತಿದರೆ ಬುಸ್ಸೆನ್ನುವ ಡಬ್ಬಿ ಎಂದೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ಆ ಡಬ್ಬಿಯಿಂದ ಬರುವುದೂ ಏರೋಸಾಲೇ, ಆದರೆ ಅದು ದೊಡ್ಡ ಕುಟುಂಬದ ಒಂದು ಕೂಸು ಮಾತ್ರ. ಹಾಲನ್ನೇ ನೋಡಿ. ಉಪ್ಪು ನೀರಿನಲ್ಲಿ ಕರಗಿದ ಹಾಗೆ ಹಾಲಿನ ಜಿಡ್ಡು ಕರಗಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ತೇಲುತ್ತಿದೆ. ಇಂಥ, ಪೂರ್ತಿ ಕರಗದೆ, ತಳವನ್ನೂ ಸೇರದೆ ನಡುವೆ ತೇಲುವ ವಸ್ತುಗಳಿಗೆ 1861ರಲ್ಲಿ ಥಾಮಸ್ ಗ್ರಹಾಂ ಎಂಬ ರಸಾಯನಶಾಸ್ತ್ರಜ್ಞ ‘ಕೊಲಾಯ್ಡ್’ ಎಂದು ಹೆಸರಿಟ್ಟ. ನಮ್ಮ ಪಠ್ಯಪುಸ್ತಕಗಳು ಅದನ್ನು ಕಲಿಲ ಎನ್ನುತ್ತವೆ. ನೀರಿನ ಬದಲು ಗಾಳಿಯಲ್ಲಿ ಕಣಗಳು ತೇಲುತ್ತಿದ್ದರೆ ಅದು ಏರೋಸಾಲ್. ಹನಿಗಳು ತೇಲಿದರೆ ಮಂಜು, ಮೋಡ. ಘನವಾದ ಚೂರುಗಳು ತೇಲಿದರೆ ದೂಳು, ಹೊಗೆ. ಕಣವೊಂದೇ ಅಲ್ಲ, ಕಣವೂ ಅದನ್ನು ಹೊತ್ತ ಗಾಳಿಯೂ ಸೇರಿ ಏರೋಸಾಲ್ ಎಂದು ನಮ್ಮ ಟೀಚರು ಒತ್ತಿ ಹೇಳಿದರು. ಈ ಹೆಸರು ಹುಟ್ಟಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಇಟ್ಟವರು ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಡೊನ್ನನ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ವಸ್ತು ಮಾತ್ರ ಮನುಷ್ಯ ಬೆಂಕಿ ಹಚ್ಚಿದಷ್ಟು ಹಳೆಯದು.

ಇವುಗಳ ಗಾತ್ರವನ್ನು ಮೈಕ್ರಾನಿನಲ್ಲಿ ಹೇಳುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ 50ರಿಂದ 70 ಮೈಕ್ರಾನ್ ಇರುತ್ತದೆ. ಗಾಳಿ ಅಲುಗದ ಕೋಣೆಯೊಂದರಲ್ಲಿ ನೀರಿನಷ್ಟು ಭಾರದ 10 ಮೈಕ್ರಾನ್ ಕಣವೊಂದನ್ನು ಆಳೆತ್ತರದಿಂದ ಬಿಟ್ಟರೆ ಹತ್ತು ನಿಮಿಷದೊಳಗೆ ನೆಲ ಸೇರುತ್ತದೆ. ಒಂದು ಮೈಕ್ರಾನ್ ಕಣಕ್ಕೆ ಅದೇ ದಾರಿ ಇಳಿಯಲು ಸುಮಾರು ಅರ್ಧ ದಿನ ಬೇಕು. ಸೌದೆಯ ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿಗಿಂತಲೂ ಸಣ್ಣವು. ಒಲೆ ಆರಿದ ಮೇಲೂ ಅಡುಗೆಮನೆಯಲ್ಲಿ ಹೊಗೆ ಯಾಕೆ ನಿಂತಿರುತ್ತದೆ ಎಂಬುದಕ್ಕೆ ಇದೇ ಉತ್ತರ.

ಹಾಗೆ ನೋಡಿದರೆ ಏರೋಸಾಲನ್ನು ಹಿಡಿಯುವ ವಿದ್ಯೆ ನಮ್ಮ ಹೆಂಗಸರಿಗೆ ಹೊಸದಲ್ಲ. ಹರಳೆಣ್ಣೆ ದೀಪದ ಮೇಲೆ ತಣ್ಣಗಿನ ತಟ್ಟೆ ಬೋರಲು ಹಾಕಿ ಕಾಡಿಗೆ ಹಿಡಿಯುತ್ತಿದ್ದ ಅಜ್ಜಿಯಂದಿರು ಏನು ಮಾಡುತ್ತಿದ್ದರು? ಗಾಳಿಯಲ್ಲಿ ಹಾರಿಹೋಗಬೇಕಿದ್ದ ಮಸಿಯ ಕಣಗಳನ್ನು ಒಂದು ಮೇಲ್ಮೈಗೆ ಅಂಟಿಸಿ ಕೂಡಿಡುತ್ತಿದ್ದರು. ಪ್ರಯೋಗಶಾಲೆಯಲ್ಲಿ ಮಾಡುವುದೂ ಮೂಲದಲ್ಲಿ ಇದನ್ನೇ. ಅಜ್ಜಿ ಮಗುವಿನ ಕಣ್ಣಿಗೆ ಹಚ್ಚಿದರು, ಇವರು ತಕ್ಕಡಿಗೆ ಹಾಕಿದರು.

ಗಾಳಿಯ ಕಣಗಳನ್ನು ಬೆಳಕಿನಿಂದ ತೋರಿಸಿದವನು ಜಾನ್ ಟಿಂಡಾಲ್. ಐರ್ಲೆಂಡಿನಲ್ಲಿ ಹುಟ್ಟಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದವನು. ಹೆಂಚಿನ ಮನೆಯ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿಯುವುದನ್ನೂ ಅದರೊಳಗೆ ದೂಳು ಕುಣಿಯುವುದನ್ನೂ ಚಿಕ್ಕಂದಿನಲ್ಲಿ ನಾವೆಲ್ಲ ನೋಡಿದ್ದೇವೆ. ಆ ಕೋಲು ಕಾಣುವುದು ಬೆಳಕಿನಿಂದಲ್ಲ, ಬೆಳಕನ್ನು ಚದುರಿಸುವ ಕಣಗಳಿಂದ. ಒಂಬತ್ತನೆಯ ತರಗತಿಯ ಮಕ್ಕಳು ಇದನ್ನೇ ‘ಟಿಂಡಾಲ್ ಪರಿಣಾಮ’ ಎಂದು ಬಾಯಿಪಾಠ ಮಾಡುತ್ತಾರೆ. 1870ರ ಜನವರಿಯಲ್ಲಿ ಟಿಂಡಾಲ್ ದೂಳು ಮತ್ತು ರೋಗದ ಬಗ್ಗೆ ಒಂದು ಉಪನ್ಯಾಸ ಕೊಟ್ಟ. ಬೆಳಕಿನ ಕೋಲಿನ ಕೆಳಗೆ ಸ್ಪಿರಿಟ್ ದೀಪ ಹಿಡಿದರೆ ಅದರ ಮೇಲೆ ಕಪ್ಪು ಪಟ್ಟೆಯೊಂದು ಏಳುತ್ತಿತ್ತು. ಅದು ಹೊಗೆಯಲ್ಲ. ತೇಲುತ್ತಿದ್ದ ಕಣಗಳು ಸುಟ್ಟುಹೋಗಿ ಬೆಳಕನ್ನು ತೋರಿಸಲು ಏನೂ ಉಳಿಯದ ಜಾಗ. ತೇಲುವ ದೂಳಿನಲ್ಲಿ ಬಹುಪಾಲು ಸುಡಬಲ್ಲ ಜೈವಿಕ ಪದಾರ್ಥ ಎಂದು ಇದರಿಂದ ತಿಳಿಯಿತು.

ಅವನ ಇನ್ನೊಂದು ಪ್ರಯೋಗವನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗಾಜಿನ ಕೊಳವೆಯ ಮೂಲಕ ಆತ ಬೆಳಕಿನ ಕೋಲಿನ ಮೇಲೆ ಉಸಿರು ಬಿಟ್ಟ. ಮೊದಮೊದಲು ಬಂದ ಉಸಿರಿನಲ್ಲಿ ಕೋಲು ಕಾಣುತ್ತಿತ್ತು. ಎದೆಯ ಆಳದಿಂದ ಕೊನೆಗೆ ಹೊರಟ ಉಸಿರು ತಗಲಿದ ಕಡೆ ಮಾತ್ರ ಕೋಲು ಪೂರ್ತಿ ಕಪ್ಪಾಯಿತು. ಅಂದರೆ ಆ ಉಸಿರಿನಲ್ಲಿ ಕಣಗಳೇ ಇರಲಿಲ್ಲ. ಒಳಗೆ ಹೋಗುವಾಗ ಇದ್ದ ದೂಳು ಹೊರಗೆ ಬರುವಾಗ ಇಲ್ಲವೆಂದರೆ ಅದು ಎಲ್ಲಿ ಉಳಿಯಿತು? ಶ್ವಾಸಕೋಶದಲ್ಲಿ. ಇಷ್ಟು ಸರಳವಾದ ಲೆಕ್ಕ ಅದು. ಮುಂದಿನ ದಿನಗಳಲ್ಲಿ ಟಿಂಡಾಲ್ ಬೆಂಕಿ ಆರಿಸುವ ಸಿಬ್ಬಂದಿಗಾಗಿ ಹತ್ತಿ, ಗ್ಲಿಸರಿನ್, ಇದ್ದಿಲು ತುಂಬಿದ ಒಂದು ಮುಖವಾಡವನ್ನೂ ಮಾಡಿಕೊಟ್ಟ. ಹೊಗೆಯೊಳಗೆ ಕೆಲಸ ಮಾಡುವ ಗಂಡಸರಿಗೆ ಮುಖವಾಡ ಸಿಕ್ಕಿತು. ಹೊಗೆಯೊಳಗೆ ಕೆಲಸ ಮಾಡುವ ಹೆಂಗಸರಿಗೆ ಸೆರಗು ಇದ್ದೇ ಇತ್ತಲ್ಲ.

ಟಿಂಡಾಲ್ ತೋರಿಸಿದ್ದನ್ನು ಎಣಿಸಿದವನು ಸ್ಕಾಟ್ಲೆಂಡಿನ ಜಾನ್ ಐಟ್ಕೆನ್. ಹಡಗಿನ ಎಂಜಿನಿಯರಾಗಲು ಓದಿ, ಆರೋಗ್ಯ ಕೈಕೊಟ್ಟು ಮನೆಯಲ್ಲೇ ಪ್ರಯೋಗ ಮಾಡುತ್ತಾ ಕೂತ ಮನುಷ್ಯ. 1880ರಲ್ಲಿ ಅವನು ಹೇಳಿದ ಪ್ರಯೋಗವನ್ನು ನಾವು ಅಡುಗೆಮನೆಯಲ್ಲಿ ಊಹಿಸಿಕೊಳ್ಳಬಹುದು. ಎರಡು ಗಾಜಿನ ಪಾತ್ರೆಗಳು. ಒಂದರಲ್ಲಿ ಮಾಮೂಲು ಗಾಳಿ, ಇನ್ನೊಂದರಲ್ಲಿ ಹತ್ತಿಯ ಮೂಲಕ ಸೋಸಿದ ಗಾಳಿ. ಎರಡಕ್ಕೂ ಹಬೆ ಬಿಟ್ಟ. ಮೊದಲನೆಯದರಲ್ಲಿ ದಟ್ಟ ಮಂಜು ಕವಿಯಿತು, ಎರಡನೆಯದು ತಿಳಿಯಾಗೇ ಉಳಿಯಿತು. ನೀರಿನ ಆವಿ ಹನಿಯಾಗಬೇಕಾದರೆ ಕೂರಲು ಒಂದು ಕಣ ಬೇಕು. ದೂಳಿನ ಕಣಗಳಿಲ್ಲದಿದ್ದರೆ ಮಲೆನಾಡಿನ ಮೇಲೆ ಮೋಡವೂ ಕಟ್ಟುತ್ತಿರಲಿಲ್ಲ. ಗಾಳಿಯ ಕಣಗಳೆಲ್ಲ ವೈರಿಗಳಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಈ ತತ್ವವನ್ನೇ ಹಿಡಿದು ಐಟ್ಕೆನ್ ಮುಂದಿನ ಎಂಟೊಂಬತ್ತು ವರ್ಷಗಳಲ್ಲಿ ದೂಳು ಎಣಿಸುವ ಉಪಕರಣವನ್ನು ಮಾಡಿದ. ಒದ್ದೆ ಗಾಳಿಯನ್ನು ಒಮ್ಮೆಗೇ ಹಿಗ್ಗಿಸಿದರೆ ಅದು ತಣ್ಣಗಾಗಿ ಪ್ರತಿ ಕಣದ ಮೇಲೂ ಒಂದು ಹನಿ ಕೂರುತ್ತದೆ. ಹನಿಗಳು ಚೌಕುಳಿ ಗೆರೆ ಹಾಕಿದ ಸಣ್ಣ ಫಲಕದ ಮೇಲೆ ಬೀಳುತ್ತವೆ. ಮಸೂರ ಹಿಡಿದು ಎಣಿಸಿಕೊಳ್ಳುವುದು. ಬೆನ್ ನೆವಿಸ್ ಬೆಟ್ಟದ ತುದಿಯಲ್ಲೂ ಈ ಉಪಕರಣದಿಂದ ಎಣಿಸಿದರು. ಬಯಲಿನ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ, ಅಂದರೆ ಒಂದು ಬೆರಳ ತುದಿಯಷ್ಟು ಜಾಗದಲ್ಲಿ, ಸಾವಿರಗಟ್ಟಲೆ ಕಣ ಸಿಕ್ಕರೆ, ಗ್ಯಾಸ್ ದೀಪ ಉರಿಯುತ್ತಿದ್ದ ಕೋಣೆಯಲ್ಲಿ ಲಕ್ಷಗಟ್ಟಲೆ ಸಿಕ್ಕಿದವು. ಮನೆಯೊಳಗಿನ ಗಾಳಿ ಬೀದಿಯ ಗಾಳಿಗಿಂತ ಕೆಟ್ಟದಾಗಿರಬಹುದೆಂಬ ಸುಳಿವು ಆಗಲೇ ಸಿಕ್ಕಿತ್ತು.

ಮನೆಯ ಬೆಂಕಿ ಊರನ್ನೇ ಕೊಂದ ಕಥೆ ನಡೆದದ್ದು ಲಂಡನ್ನಿನಲ್ಲಿ, 1952ರ ಡಿಸೆಂಬರ್ 5ರಿಂದ 9ರವರೆಗೆ. ಗಾಳಿ ನಿಂತುಹೋಗಿ ಥಂಡಿ ಕವಿದಿತ್ತು. ಪ್ರತಿ ಮನೆಯಲ್ಲೂ ಕಲ್ಲಿದ್ದಲಿನ ಅಗ್ಗಿಷ್ಟಿಕೆ. ವಿದ್ಯುತ್ ಸ್ಥಾವರಗಳದ್ದೂ ಸೇರಿ ಆ ಹೊಗೆಯೆಲ್ಲ ಮಂಜಿನೊಂದಿಗೆ ಬೆರೆತು ಊರ ಮೇಲೆ ಮುಚ್ಚಳದಂತೆ ಕೂತಿತು. ಬಸ್ಸುಗಳು ನಿಂತವು. ಜಾನುವಾರು ಪ್ರದರ್ಶನಕ್ಕೆ ತಂದಿದ್ದ ದನಗಳು ಸತ್ತವು. ರಂಗಮಂದಿರದೊಳಕ್ಕೂ ಮಂಜು ನುಗ್ಗಿ ಸಂಗೀತ ನಾಟಕವೊಂದನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಮಾಮೂಲಿಗಿಂತ ಸುಮಾರು 4,000 ಜನ ಹೆಚ್ಚು ಸತ್ತರೆಂದು ಸರ್ಕಾರ ಲೆಕ್ಕ ಹಾಕಿತು. ಮುಂದಿನ ತಿಂಗಳುಗಳ ಸಾವುಗಳನ್ನೂ ಸೇರಿಸಿದರೆ 12,000 ಆಗಬಹುದೆಂದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು.

ಇಲ್ಲಿ ರಸಾಯನಶಾಸ್ತ್ರ ಎರಡು ಕೆಲಸ ಮಾಡಿತು. ಒಂದು, ಅಳತೆ. ಗೊತ್ತಾದಷ್ಟು ಗಾಳಿಯನ್ನು ಬಿಳಿಯ ಸೋಸು ಕಾಗದದ ಮೂಲಕ ಎಳೆದು, ಕಾಗದ ಎಷ್ಟು ಕಪ್ಪಾಯಿತೆಂದು ನೋಡಿ ಹೊಗೆಯ ಪ್ರಮಾಣ ಹೇಳುತ್ತಿದ್ದರು. ಆ ವಾರ ಲಂಡನ್ನಿನ ನಡುಭಾಗದಲ್ಲಿ ಅದು ಒಂದು ಘನ ಮೀಟರ್ ಗಾಳಿಗೆ ಸುಮಾರು ನಾಲ್ಕೂವರೆ ಮಿಲಿಗ್ರಾಂವರೆಗೆ ಏರಿತ್ತು. ಇನ್ನೊಂದು, ಕಾರಣ ಹುಡುಕುವುದು. ಕಲ್ಲಿದ್ದಲಿನ ಗಂಧಕ ಉರಿದು ಅನಿಲವಾಗುತ್ತದೆ. ಆ ಅನಿಲ ಮಂಜಿನ ಹನಿಯಲ್ಲಿ ಕರಗಿ ಗಂಧಕಾಮ್ಲವಾಗುತ್ತದೆ. ಜನ ಉಸಿರಾಡಿದ್ದು ಮಸಿ ಬೆರೆತ ಆಮ್ಲದ ಹನಿಗಳನ್ನು. 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ಹೊಗೆರಹಿತ ವಲಯಗಳಾದವು. ಮನೆಯ ಅಗ್ಗಿಷ್ಟಿಕೆ ಬದಲಿಸಲು ಸರ್ಕಾರವೇ ಹಣ ಕೊಟ್ಟಿತು. ಲೆಕ್ಕ ಸಿಕ್ಕಿದ ಹೊಗೆಗೆ ಕಾನೂನು ಸಿಕ್ಕಿತು ಎನ್ನಬಹುದು.

ಅದೇ ಕಾಲಕ್ಕೆ ನಮ್ಮ ದೆಹಲಿಯಲ್ಲಿ ಒಬ್ಬ ಹೆಣ್ಣುಮಗಳು ಇನ್ನೊಂದು ಹೊಗೆಯ ಜಾಡಿನಲ್ಲಿದ್ದರು. ಡಾ. ಎಸ್. ಪದ್ಮಾವತಿ, ನಮ್ಮ ದೇಶದ ಮೊದಲ ಮಹಿಳಾ ಹೃದ್ರೋಗ ತಜ್ಞೆ. ಬರ್ಮಾದಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಅಲ್ಲಿಂದ ಓಡಿಬಂದ ಕುಟುಂಬದವರು. ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿದ್ದಾಗ ಅವರಿಗೆ ಒಂದು ವಿಚಿತ್ರ ಕಂಡಿತು. ಶ್ವಾಸಕೋಶ ಕೆಟ್ಟು ಅದರ ಭಾರ ಹೃದಯದ ಮೇಲೆ ಬೀಳುವ ಕಾಯಿಲೆ ಬೇರೆ ದೇಶಗಳಲ್ಲಿ ಹೆಚ್ಚಾಗಿ ಸಿಗರೇಟು ಸೇದುವ ಗಂಡಸರದ್ದು. ಇಲ್ಲಿ ಸಿಗರೇಟು ಮುಟ್ಟದ ಹೆಂಗಸರು, ಅದೂ ಚಿಕ್ಕ ವಯಸ್ಸಿಗೇ, ಇದೇ ಕಾಯಿಲೆ ಹೊತ್ತು ಬರುತ್ತಿದ್ದರು. ಸಹೋದ್ಯೋಗಿಯೊಬ್ಬರೊಡನೆ 127 ರೋಗಿಗಳ ವಿವರ ಕೂಡಿಸಿ 1959ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಬೆರಳು ಬೆರಣಿ ಒಲೆಯ ಹೊಗೆಯ ಕಡೆಗಿತ್ತು. ಆದರೆ ಅದು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಂತು ಮಾಡಿದ ಊಹೆ. ಆ ಹೊಗೆ ಎಷ್ಟಿತ್ತೆಂದು ಅಡುಗೆಮನೆಗೆ ಹೋಗಿ ಅಳೆದವರು ಆಗ ಇರಲಿಲ್ಲ.

ಇಲ್ಲಿ ನನ್ನ ಅಮ್ಮನ ಮಾತು ಬರಲೇಬೇಕು. ನಮ್ಮ ತವರು ತುಮಕೂರು ಜಿಲ್ಲೆಯ ಒಂದು ಹಳ್ಳಿ. ತೆಂಗಿನ ಸೀಮೆಯಾದ್ದರಿಂದ ಒಲೆಗೆ ಮಟ್ಟೆ, ಸೋಗೆ, ಕರಟ, ಇಲ್ಲದಿದ್ದರೆ ಬೆರಣಿ. ಮಳೆಗಾಲದಲ್ಲಿ ಎಲ್ಲವೂ ಹಸಿ. ಅಮ್ಮ ಊದುಕೊಳವೆ ಹಿಡಿದು ಬಗ್ಗಿ ಊದುತ್ತಿದ್ದಳು. ಊದಿದ ಮೇಲೆ ಉಸಿರು ಎಳೆದುಕೊಳ್ಳಲೇಬೇಕಲ್ಲ, ಮುಖ ಇನ್ನೂ ಒಲೆಯ ಬಾಯಿಯಲ್ಲೇ ಇರುತ್ತಿತ್ತು. ಬೆಳಿಗ್ಗೆ ಎಸರಿಟ್ಟಾಗಿನಿಂದ ರಾತ್ರಿ ಮುದ್ದೆ ಕೂಡಿಸುವವರೆಗೆ ದಿನಕ್ಕೆ ನಾಲ್ಕು ಗಂಟೆಯಾದರೂ ಹಾಗೆ. ಜಂತೆಯಿಂದ ಇಲ್ಲಣ ಜೋತುಬಿದ್ದಿರುತ್ತಿತ್ತು. 1991ರಲ್ಲಿ, ಅವಳಿಗೆ ಐವತ್ತು ತುಂಬುವ ಮೊದಲೇ, ಮೆಟ್ಟಿಲು ಹತ್ತಿದರೆ ಏದುಸಿರು ಬರಲು ಶುರುವಾಯಿತು. ಪಟ್ಟಣದ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, “ಬೀಡಿ ಸೇದೋ ಅಭ್ಯಾಸ ಇದೆಯೇನಮ್ಮ?” ಎಂದರು. ಅಮ್ಮನಿಗೆ ನಾಚಿಕೆಯಾಗಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕುಬಿಟ್ಟಳು. ಅಪ್ಪ, “ಛೆ ಛೆ, ನಮ್ಮನೇಲಿ ಯಾರಿಗೂ ಇಲ್ಲ ಸ್ವಾಮಿ” ಎಂದರು. ಮಾತು ಅಲ್ಲಿಗೆ ಮುಗಿಯಿತು. ಒಲೆ ಯಾವುದೆಂದು ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಹೇಳಬೇಕಾದ ಸಂಗತಿ ಅದೆಂದು ಆಗ ಯಾರಿಗೆ ಹೊಳೆದೀತು?

ಆದರೆ ಅದಕ್ಕೆ ಹತ್ತು ವರ್ಷ ಮೊದಲೇ ಗುಜರಾತಿನ ನಾಲ್ಕು ಹಳ್ಳಿಗಳಲ್ಲಿ ಅಳತೆ ನಡೆದಿತ್ತು. ಅಮೆರಿಕದ ಕರ್ಕ್ ಸ್ಮಿತ್ ಎಂಬ ವಿಜ್ಞಾನಿ, ಅಗರ್ವಾಲ್ ಮತ್ತು ದವೆ ಎಂಬ ಇಬ್ಬರು ಭಾರತೀಯ ಸಂಗಡಿಗರೊಡನೆ ಈ ಕೆಲಸ ಮಾಡಿದ. ಊರ ಗಾಳಿಯನ್ನು ಅಳೆಯುವ ಯಂತ್ರಗಳು ಕಚೇರಿಗಳ ಮಾಳಿಗೆಯ ಮೇಲೆ ಕೂತಿರುತ್ತವೆ, ಉಸಿರಾಡುವ ಜನ ಮಾತ್ರ ಬೇರೆ ಕಡೆ ಇರುತ್ತಾರೆ ಎಂಬುದು ಅವನ ತಕರಾರು. ಹಾಗಾಗಿ ಯಂತ್ರವನ್ನೇ ಹೆಂಗಸರ ಮೈಗೆ ಕಟ್ಟಿದರು. ಒಂದು ಸಣ್ಣ ಪಂಪು, ಒಂದು ಸೋಸು ಕಾಗದ. ಅವರು ಅಡುಗೆ ಮಾಡುತ್ತಿದ್ದಷ್ಟು ಹೊತ್ತು ಪಂಪು ಅವರ ಮುಖದ ಹತ್ತಿರದ ಗಾಳಿಯನ್ನು ಎಳೆಯುತ್ತಿತ್ತು. ಮೊದಲೇ ತೂಕ ಮಾಡಿದ್ದ ಕಾಗದವನ್ನು ಆಮೇಲೆ ಮತ್ತೆ ತೂಗಿದರು. ಹೆಚ್ಚಾದ ತೂಕವೇ ಹೊಗೆ. ಸರಾಸರಿ, ಘನ ಮೀಟರಿಗೆ ಏಳು ಮಿಲಿಗ್ರಾಂ ಹತ್ತಿರ ಬಂತು.

ಲಂಡನ್ನಿನ ನಾಲ್ಕೂವರೆಯ ಪಕ್ಕ ಈ ಏಳನ್ನು ಇಟ್ಟುನೋಡಿ. ಅಲ್ಲಿ ಕಾಗದದ ಕಪ್ಪು ನೋಡಿದರು, ಇಲ್ಲಿ ತೂಕ ನೋಡಿದರು. ಅಳತೆಯ ಕ್ರಮ ಬೇರೆಯಾದ್ದರಿಂದ ಒಂದಕ್ಕೊಂದು ನೇರವಾಗಿ ತಾಳೆ ಹಾಕಬಾರದೆಂದು ನಮ್ಮ ವಿಜ್ಞಾನದ ಟೀಚರು ಎಚ್ಚರಿಸಿದರು. ಒಪ್ಪುತ್ತೇನೆ. ಆದರೂ ಒಂದು ರಾಜಧಾನಿಯನ್ನು ಐದು ದಿನ ನಡುಗಿಸಿ ಕಾನೂನು ತರಿಸಿದ ಹೊಗೆಗೆ ಹೋಲಿಸಬಹುದಾದ ಹೊಗೆಯಲ್ಲಿ ನಮ್ಮ ಹೆಂಗಸರು ದಿನವೂ, ಹನ್ನೆರಡನೆಯ ವಯಸ್ಸಿನಿಂದ ಮುಪ್ಪಿನವರೆಗೆ, ಅಡುಗೆ ಮಾಡಿದರು ಎಂಬುದು ಸುಳ್ಳಾಗುವುದಿಲ್ಲ.

ಎಷ್ಟು ಎಂಬುದು ಒಂದು ಪ್ರಶ್ನೆಯಾದರೆ, ಏನು ಎಂಬುದು ಇನ್ನೊಂದು. 1775ರಲ್ಲೇ ಪರ್ಸಿವಲ್ ಪಾಟ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯ, ಚಿಮಣಿ ಗುಡಿಸುವ ಕೆಲಸ ಮಾಡಿದವರಿಗೆ ಮಸಿ ಕೂತ ಜಾಗದಲ್ಲಿ ಕ್ಯಾನ್ಸರ್ ಬರುವುದನ್ನು ಬರೆದಿದ್ದ. ಕಲ್ಲಿದ್ದಲಿನ ಡಾಂಬರಿನೊಳಗೆ ಬೆಂಜೋಪೈರೀನ್ ಎಂಬ ಕ್ಯಾನ್ಸರ್‌ಕಾರಕ ವಸ್ತು ಇದೆಯೆಂದು 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದರು. ಗುಜರಾತಿನ ಸೋಸು ಕಾಗದಗಳಲ್ಲೂ ಅದು ಸಿಕ್ಕಿತು. ಮರ ಪೂರ್ತಿ ಉರಿದರೆ ಉಳಿಯುವುದು ನೀರಾವಿ, ಇಂಗಾಲದ ಡೈಆಕ್ಸೈಡ್ ಮತ್ತು ಒಂದಿಷ್ಟು ಬೂದಿ. ಸೌದೆ ಹಸಿಯಾಗಿ, ಗಾಳಿ ಸಾಲದೆ, ಅರ್ಧಂಬರ್ಧ ಉರಿದರೆ ಇಂಗಾಲದ ಮಸಿಯೂ ಟಾರಿನ ಹನಿಗಳೂ ವಿಷಾನಿಲವೂ ಹೊರಡುತ್ತವೆ.

ಇಂದು ಸೋಸು ಕಾಗದವೊಂದು ಸಿಕ್ಕರೆ ರಸಾಯನಶಾಸ್ತ್ರಜ್ಞರು ಅದರ ಜಾತಕವನ್ನೇ ಬರೆಯುತ್ತಾರೆ. ಒಂದು ತುಂಡನ್ನು ನೀರಿನಲ್ಲಿ ನೆನೆಸಿ ಸಲ್ಫೇಟ್, ನೈಟ್ರೇಟ್‌ಗಳನ್ನು ಅಳೆಯುತ್ತಾರೆ. ಇನ್ನೊಂದನ್ನು ಹಂತಹಂತವಾಗಿ ಕಾಯಿಸಿ, ಯಾವ ಇಂಗಾಲ ಬೇಗ ಹಾರಿಹೋಯಿತು, ಯಾವುದು ಮಸಿಯಾಗಿ ಕೊನೆಯವರೆಗೆ ನಿಂತಿತೆಂದು ನೋಡುತ್ತಾರೆ. ಕ್ಷ-ಕಿರಣ ಹಾಯಿಸಿ ಲೋಹಗಳನ್ನು ಗುರುತಿಸುತ್ತಾರೆ. ಸಿಲಿಕಾನ್ ಹೆಚ್ಚಿದ್ದರೆ ಅದು ಮಣ್ಣಿನ ದೂಳು. ಸೋಡಿಯಂ, ಕ್ಲೋರಿನ್ ಜೊತೆಗಿದ್ದರೆ ಕಡಲ ಉಪ್ಪು. ಸೌದೆಯ ಹೊಗೆಗೂ ಗುರುತುಗಳುಂಟು. ಒಂದು ಪೊಟ್ಯಾಸಿಯಂ, ನಾವು ಪಾತ್ರೆ ಬೆಳಗುತ್ತಿದ್ದ ಬೂದಿಯಲ್ಲಿ ಇರುವಂಥದ್ದೇ. ಇನ್ನೊಂದು ಲೆವೊಗ್ಲುಕೋಸಾನ್, ಮರದ ನಾರು ಸುಟ್ಟಾಗಲೇ ಹುಟ್ಟುವ ಸಕ್ಕರೆಯ ನೆಂಟ. ಒಗ್ಗರಣೆಯ ವಾಸನೆಯಿಂದ ಯಾರ ಮನೆಯಲ್ಲಿ ಏನು ಸಾರೆಂದು ನಾವು ಹೇಳುವುದಿಲ್ಲವೇ, ಹಾಗೆ ಅವರು ಯಾವ ಬೆಂಕಿಯ ಹೊಗೆಯೆಂದು ಹೇಳುತ್ತಾರೆ.

ಈ ಬಗೆಯ ಲೆಕ್ಕ ಒಲೆಯನ್ನು ಆಕಾಶದವರೆಗೆ ಒಯ್ದಿತು. 1999ರಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ಸೇರಿ ಹಿಂದೂ ಮಹಾಸಾಗರದ ಮೇಲಿನ ಕಂದು ಮಬ್ಬನ್ನು ಅಧ್ಯಯನ ಮಾಡಿದರು. ಅದರಲ್ಲಿನ ಮಸಿ ಎಲ್ಲಿಯದೆಂಬ ವಾದ ನಡೆದಾಗ, ಮುಂಬಯಿಯ ಐ.ಐ.ಟಿ.ಯ ಚಂದ್ರಾ ವೆಂಕಟರಾಮನ್ ಮತ್ತು ಸಂಗಡಿಗರು ಸೌದೆ, ಬೆರಣಿ, ಬೆಳೆಯ ಕಡ್ಡಿಗಳನ್ನು ಒಲೆಯಲ್ಲಿ ಉರಿಸಿ ಹೊಗೆಯನ್ನು ಅಳೆದರು. ದಕ್ಷಿಣ ಏಷ್ಯಾದ ಮಸಿಯಲ್ಲಿ ಅಡುಗೆ ಒಲೆಯದು ದೊಡ್ಡ ಪಾಲು ಎಂದು 2005ರಲ್ಲಿ ಪ್ರಕಟಿಸಿದರು. ಇದನ್ನು ಬಡವರ ಮೇಲೆ ಹೊರಿಸಿದ ತಪ್ಪೆಂದು ಓದಬಾರದು. ಆ ಮಸಿ ಆಕಾಶಕ್ಕೆ ಹೋಗುವ ಮೊದಲು ಯಾರ ಎದೆಯ ಮೂಲಕ ಹೋಗುತ್ತದೆ ಎಂದು ಓದಬೇಕು.

ಒಲೆಯನ್ನು ಸುಧಾರಿಸಲು ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ವಾರ್ಧಾದ ಮಗನ್‌ವಾಡಿಯಲ್ಲಿ 1940ರ ದಶಕದಲ್ಲೇ ಮಗನ್ ಚೂಲಾ ಮಾಡಿದ್ದರು. ಹೈದರಾಬಾದಿನ ಎಸ್. ಪಿ. ರಾಜು 1950ರ ದಶಕದಲ್ಲಿ ಹೊಗೆಯಿಲ್ಲದ ಅಡುಗೆಮನೆಗಾಗಿ ದುಡಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಅವರ ಪ್ರಯೋಗದ ಹಳ್ಳಿಯಾಯಿತು. ಅಲ್ಲಿನ ಅನುಭವದಿಂದ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆ, ಮುಚ್ಚಿದ ಉರಿಗೂಡು, ಬೂದಿ ಬೀಳುವ ಜಾಲರಿ, ಹೊಗೆ ಹೊರಗೆ ಹೋಗಲು ಕೊಳವೆ. ಸೌದೆಯೂ ಉಳಿಯುತ್ತಿತ್ತು. 1980ರ ದಶಕದಲ್ಲಿ ಸುಧಾರಿತ ಒಲೆಗಳ ರ‍ಾಷ್ಟ್ರೀಯ ಯೋಜನೆಯೇ ಬಂದು 2002ರವರೆಗೆ ನಡೆಯಿತು. ಎಷ್ಟೋ ಮನೆಗಳಲ್ಲಿ ಕೊಳವೆಗೆ ಮಸಿ ಕಟ್ಟಿ, ರಿಪೇರಿಗೆ ಬರುವವರಿಲ್ಲದೆ, ಒಲೆ ಮೂಲೆ ಸೇರಿತು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಡವರ ಮನೆಗೂ ಸಿಲಿಂಡರ್ ಬಂತು. ಬಂದ ಸಿಲಿಂಡರನ್ನು ಮತ್ತೆ ತುಂಬಿಸಲು ಹಣ ಹೊಂದಿಸುವುದು ಇನ್ನೊಂದು ಕಥೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಅದೇ 2020ರಲ್ಲಿ ಏರೋಸಾಲ್ ಎಂಬ ಪದ ಎಲ್ಲರ ಬಾಯಿಗೂ ಬಂತು. ಕೊರೋನಾ ದೊಡ್ಡ ಹನಿಗಳಿಂದ ಹರಡುತ್ತದೆ, ಗಾಳಿಯಲ್ಲಿ ತೇಲಿ ಹರಡುವುದಲ್ಲ ಎಂದು ಮಾರ್ಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಆಸ್ಟ್ರೇಲಿಯಾದಲ್ಲಿರುವ ಲಿಡಿಯಾ ಮೊರಾವ್ಸ್ಕಾ ಎಂಬ ಭೌತವಿಜ್ಞಾನಿ ಮುಂದೆ ನಿಂತು, ಜುಲೈಯಲ್ಲಿ 239 ವಿಜ್ಞಾನಿಗಳ ಪರವಾಗಿ ಬಹಿರಂಗ ಪತ್ರ ಬರೆದರು. ಉಸಿರಿನ ಸಣ್ಣ ಹನಿಗಳು ಬೇಗ ಕೆಳಗೆ ಬೀಳುವುದಿಲ್ಲ, ಕಿಟಕಿ ತೆರೆಯಿರಿ ಎಂಬುದು ಅದರ ಸಾರ. ಮರುವರ್ಷ ಸಂಸ್ಥೆ ಅದನ್ನು ಒಪ್ಪಿತು. ಕಣದ ಗಾತ್ರವನ್ನು ತಪ್ಪು ತಿಳಿದರೆ ಎಷ್ಟು ಬೆಲೆ ತೆರಬೇಕೆಂದು ನಾವೆಲ್ಲ ನೋಡಿದೆವು. ಡಾ. ಪದ್ಮಾವತಿಯವರು ಆ ವರ್ಷದ ಆಗಸ್ಟಿನಲ್ಲಿ, 103ನೆಯ ವಯಸ್ಸಿನಲ್ಲಿ, ಅದೇ ರೋಗದಿಂದ ತೀರಿಕೊಂಡರು. ಕರ್ಕ್ ಸ್ಮಿತ್ ಕೂಡ ಅದೇ ವರ್ಷ ತೀರಿಕೊಂಡ.

ನಮ್ಮ ದೇಶದಲ್ಲಿ 2009ರ ಮಾನದಂಡದಂತೆ ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು ಒಂದು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಗುಜರಾತಿನ ಏಳು ಮಿಲಿಗ್ರಾಂ ಎಂದರೆ 7,000 ಮೈಕ್ರೋಗ್ರಾಂ. ಅದರಲ್ಲಿ ದಪ್ಪ ಕಣಗಳೂ ಸೇರಿದ್ದವು, ಅಡುಗೆಯ ಹೊತ್ತಿನದಷ್ಟೇ ಲೆಕ್ಕ, ನಿಜ. ಆದರೂ ಅಂತರ ನೋಡಿ. ನಮ್ಮ ದೇಶದ ಮಾನದಂಡ ಹೊರಗಿನ ಗಾಳಿಗೆ ಅನ್ವಯಿಸುತ್ತದೆ. ಅಡುಗೆಮನೆಗೆ ಬಂದು ನೋಡುವ ಅಧಿಕಾರಿ ಯಾರೂ ಇಲ್ಲ. ಅಲ್ಲಿ ಅಧಿಕಾರಿಗಳು ನಾವೇ.

ನಾವು ಪಟ್ಟಣದವರು, ನಮಗೆ ಗ್ಯಾಸ್ ಇದೆ, ಇದೆಲ್ಲ ಹಳ್ಳಿಯ ಮಾತು ಎನ್ನಬೇಡಿ. ಬಚ್ಚಲ ಹಂಡೆಯ ಕೆಳಗೆ ಇನ್ನೂ ಎಷ್ಟು ಮನೆಗಳಲ್ಲಿ ಸೌದೆ ಉರಿಯುತ್ತಿದೆ! ಬೆಳಿಗ್ಗೆ ಗುಡಿಸಿದ ಎಲೆ, ಪ್ಲಾಸ್ಟಿಕ್ಕನ್ನು ಬೀದಿಯಂಚಿನಲ್ಲಿ ಸುಡುತ್ತೇವೆ. ಮಕ್ಕಳ ಕೋಣೆಯಲ್ಲಿ ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚುತ್ತೇವೆ. ಒಂದು ಬತ್ತಿ ಉರಿದರೆ ಹೊರಡುವ ಸೂಕ್ಷ್ಮಕಣಗಳು 75ರಿಂದ 137 ಸಿಗರೇಟಿನವುಗಳಿಗೆ ಸಮ ಎಂದು 2003ರ ಒಂದು ಅಧ್ಯಯನ ಕಂಡುಕೊಂಡಿದೆ. ಸೊಳ್ಳೆ ಪರದೆಗೆ ಹೊಗೆ ಇಲ್ಲ.

ಇನ್ನೊಂದು ಕೆಲಸ ನಮ್ಮಿಂದಲೇ ಆಗಬೇಕಾದ್ದು. ಅತ್ತೆಯನ್ನೋ ಅಮ್ಮನನ್ನೋ ಕೆಮ್ಮಿಗೆ, ಉಬ್ಬಸಕ್ಕೆ ಡಾಕ್ಟರ ಬಳಿ ಕರೆದೊಯ್ದಾಗ, ಅವರು ಕೇಳಲಿ ಬಿಡಲಿ, ನಾವೇ ಬಾಯಿಬಿಟ್ಟು ಹೇಳಬೇಕು. ಎಷ್ಟು ವರ್ಷ ಸೌದೆ ಒಲೆಯ ಮುಂದೆ ಕೂತರು, ಯಾವ ಸೌದೆ, ದಿನಕ್ಕೆ ಎಷ್ಟು ಗಂಟೆ, ಆ ಅಡುಗೆಮನೆಗೆ ಕಿಟಕಿ ಇತ್ತೇ ಎಂದು. ಬೀಡಿ ಸಿಗರೇಟಿನ ಲೆಕ್ಕ ಬರೆದುಕೊಳ್ಳುವ ಚೀಟಿಯಲ್ಲಿ ಒಲೆಯ ಲೆಕ್ಕಕ್ಕೂ ಒಂದು ಸಾಲು ಜಾಗ ಇರಲಿ.